ಬೀಗದ ತೂತಿಗೆ ಮೇಣ

ಮಂಗಳವಾರ, ವಾರ್ಡಿನ ಹೊರಗಿನ ಬೆಂಚಿನಿಂದ

ವೈರಸ್ ಸಾಕುವ ನನ್ನ ಅಕ್ಕನ ಮಗಳಿಗೆ, ಬೀಗ ರಿಪೇರಿ ಮಾವನ ಆಶೀರ್ವಾದ.

ಖಜಾನೆಯ ಬೀಗ ಕೆಟ್ಟಾಗ ಮೂರು ದೇಶದ ರಾಜರು ವಿಮಾನ ಕಳಿಸಿ ಕರೆಸಿಕೊಂಡದ್ದು ನನ್ನನ್ನೇ. ಅಂಥವನಿಗೆ ನೀನು ಬೀಗ ಮತ್ತು ಬೀಗದಕೈಯ ಪಾಠ ಹೇಳಿ ಪತ್ರ ಬರೆದಿದ್ದೆ! ಇರಲಿ. ನಿನ್ನೆಯಿಂದ ನಿನ್ನ ಅತ್ತೆ ಇಲ್ಲಿ ಆಕ್ಸಿಜನ್ ಮೇಲಿದ್ದಾಳೆ. ಫ್ಲೂ ಇಂಜೆಕ್ಷನ್ ಹಾಕಿಸಿದ್ದಿರಾ ಎಂದು ನೀನು ಬೆಳಿಗ್ಗೆಯಿಂದ ಎರಡು ಸಲ ಕೇಳಿದೆ. ಹೇಳುತ್ತೇನೆ, ತಡಿ.

ನಿನ್ನ ಪತ್ರವನ್ನು ಕನ್ನಡಕ ಹಾಕಿಕೊಂಡೇ ಓದಿದ್ದೆ. ಈ ಫ್ಲೂ ವೈರಸ್ಸಿಗೆ ಕೈಯಿಲ್ಲ, ಕಾಲಿಲ್ಲ, ಹೊಟ್ಟೆಯೂ ಇಲ್ಲ. ಮೈತುಂಬ ಮುಳ್ಳು. ಯಾರೋ ಕೆಮ್ಮಿದರೆ ಬಂದು ಬೀಳುವ ಕಸ. ಮೂಗು, ಗಂಟಲಿನ ಜೀವಕೋಶ ತನ್ನ ಕೆಲಸಕ್ಕೆಂದು ಹೊರಗೆ ಇಟ್ಟುಕೊಂಡ ರಿಸೆಪ್ಟರೆಂಬ ಬೀಗಕ್ಕೆ ಆ ಮುಳ್ಳು ಅಂಟುತ್ತದಂತೆ. ಅಂಟಿದ್ದೇ ತಡ, ಜೀವಕೋಶವೇ ಅದನ್ನು ಚೀಲದಲ್ಲಿ ಸುತ್ತಿ ಒಳಗೆ ಎಳೆದುಕೊಳ್ಳುತ್ತದಂತೆ! ಚೀಲ ಹುಳಿಯಾದಾಗ ಮುಳ್ಳು ಮಡಚಿಕೊಂಡು, ಪೊರೆಗೆ ಪೊರೆ ಬೆಸೆದು, ತನ್ನ ಆರ್ಡರು ಚೀಟಿಯನ್ನು ಒಳಗೆ ಸುರಿಯುತ್ತದೆ. ಈ ಪುಣ್ಯಾತ್ಮ ಕೋಶ ಅದನ್ನು ನೋಡಿಕೊಂಡು ವೈರಸ್ಸಿನ ಮರಿಗಳನ್ನೇ ತಯಾರಿಸಿ ಕೊಡುತ್ತದೆ. ಥೂ! ಬೀಗ ಒಡೆಯುವವನಿಗಾದರೂ ಒಂದು ಕಸುಬು ಗೊತ್ತಿರುತ್ತದೆ. ಇಲ್ಲಿ ಕಳ್ಳನಿಗೆ ಏನೂ ಬಾರದು, ಮನೆಯವನು ಮಹಾ ಪೆದ್ದ.

ನಿನ್ನ ಪತ್ರ ಬಂದ ವಾರವೇ ಟೈ ಕಟ್ಟಿದವನೊಬ್ಬ ಅಂಗಡಿಗೆ ಬಂದ. "ನಮ್ಮ ಮೂಗಿನ ಹನಿ ರಿಸೆಪ್ಟರನ್ನೆಲ್ಲ ಮುಚ್ಚಿಬಿಡುತ್ತೆ ಸರ್. ಬೀಗದ ತೂತಿಗೆ ಮೇಣ ತುಂಬಿದ ಹಾಗೆ. ನಿಮಗೆ ನಾನು ಹೇಳಬೇಕಾ?" ಎಂದ. ಬೇರೆ ಯಾರಾದರೂ ಆಗಿದ್ದರೆ ಅವನನ್ನು ಓಡಿಸುತ್ತಿದ್ದರು. ಮೇಣ ತುಂಬಿದ ಬೀಗಕ್ಕೆ ಯಾವ ಬೀಗದಕೈಯೂ ಹೋಗದೆಂದು ನಲವತ್ತು ವರ್ಷದಿಂದ ಬಲ್ಲವನು ನಾನು, ಅದಕ್ಕೇ ನಂಬಿದೆ. ನಿನ್ನ ಅತ್ತೆ "ಇಂಜೆಕ್ಷನ್ನಿಗೆ ಯಾವಾಗ ಹೋಗೋಣ ರೀ?" ಎಂದಾಗ "ಅದು ಬೀಗ ತಿಳಿಯದವರಿಗೆ ಕಣೇ" ಎಂದು ಗದರಿ, ದಿನಾ ಎರಡು ಹೊತ್ತು ಅವಳ ಮೂಗಿಗೆ ಹನಿ ಬಿಟ್ಟೆ. ಇವತ್ತು ನೆಕ್ಕಿ ನೋಡಿದೆ. ಉಪ್ಪುನೀರು.

ನಿನ್ನೆ ಡಾಕ್ಟರಮ್ಮ, ನಿನಗಿಂತ ಚಿಕ್ಕವಳು, ಇಂಜೆಕ್ಷನ್ ಆಗಿದೆಯಾ ಎಂದು ಕೇಳಿದಳು. "ಓಹೋ, ಊರಿಗೆಲ್ಲ ಮೊದಲು ನಾವೇ" ಎಂದುಬಿಟ್ಟೆ. "ಹಾಗಾದ್ರೆ ಫ್ಲೂ ಇರಲಿಕ್ಕಿಲ್ಲ, ಮೊದಲು ಬೇರೇದು ನೋಡೋಣ" ಎಂದು ಬರೆದುಕೊಂಡಳು. ನಿನ್ನ ಅತ್ತೆ ಮಾಸ್ಕಿನ ಮೇಲಿಂದ ನನ್ನನ್ನೇ ನೋಡಿದಳು. ಅಷ್ಟು ಏದುಸಿರಿನಲ್ಲೂ ನನ್ನನ್ನು ಬಿಟ್ಟುಕೊಡಲಿಲ್ಲ.

ಬಾಯಲ್ಲಿ ಹೇಳಹೊರಟರೆ ಮತ್ತೆ ರಾಜರು, ವಿಮಾನ ಬರುತ್ತವೆ. ಅದಕ್ಕೇ ಬರೆದೆ. ಇದನ್ನು ಇದೇ ಆಸ್ಪತ್ರೆಯಲ್ಲಿರುವ ನಿನ್ನ ಲ್ಯಾಬಿನ ಕಿಟಕಿಯಲ್ಲಿ ಕೊಟ್ಟು ನೆಟ್ಟಗೆ ಡಾಕ್ಟರಮ್ಮನ ಹತ್ತಿರ ಹೋಗುತ್ತೇನೆ. ಆದರೂ ನನ್ನನ್ನು ನಂಬಬೇಡ. ಓದಿದ ಕೂಡಲೇ ನೀನೂ ಓಡಿ ಬಾ.

ಇಂತು,
ನಿನ್ನ ಮಾವ

ಮರೆತಿದ್ದೆ: ಆ ಹನಿಗೆ ಎರಡು ಸಾವಿರ ಹೋಯಿತೆಂದು ನಿನ್ನ ಅಮ್ಮನಿಗೆ ಹೇಳಿದ್ದೇನೆ, ನಿನ್ನ ಅತ್ತೆಗೆ ಐದು. ನಾನು ಏಜೆನ್ಸಿಯನ್ನೇ ಹಿಡಿದಿದ್ದೆ. ಒಂದು ಬಾಟಲಿಯೂ ಮಾರಲಿಲ್ಲ. ಹೋದದ್ದು ನಲವತ್ತೊಂದು ಸಾವಿರದ ಮುನ್ನೂರು.