ಬನ್ನಿ ಹಬ್ಬದಂದು ಓಡದ ಕಟಿಂಗ್ ಮಷೀನು

ಈರಣ್ಣನ ಅಪ್ಪನವರಿಗೆ,

ನಿಮ್ಮ ಕಟಿಂಗ್ ಮಷೀನಿನ ಮೇಲಿದ್ದ ತಾಡಪತ್ರಿಯನ್ನು ತೆಗೆಸಿದ್ದೇನೆ. ಇಷ್ಟು ಓದಿದ ಕೂಡಲೇ ಸಿಟ್ಟಿಗೇಳಬೇಡಿ. ಪೂರ್ತಿ ಹೇಳುತ್ತೇನೆ, ಬೇಕಾದರೆ ಆಮೇಲೆ ಏಳಿ.

ಆ ಮಧ್ಯಾಹ್ನ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಲಗ್ನಪತ್ರಿಕೆಯ ಹಾಳೆ ಓರೆಯಾಗಿತ್ತೆಂದು ನೀವು ಕೈ ಹಾಕಿದಿರಿ, ಬ್ಲೇಡು ಇಳಿಯಿತು. ಎರಡು ಬೆರಳು ಹೋದವು. ದವಾಖಾನೆಯಲ್ಲಿ ಬಂದವರಿಗೆಲ್ಲ ಒಂದೇ ಮಾತು ಹೇಳಿದಿರಿ: “ಇಷ್ಟ ವರ್ಷ ಏನೂ ಆಗಿದ್ದಿಲ್ಲಲ್ಲ!” ಮನೆಗೆ ಬಂದವರೇ ಮಷೀನಿಗೆ ತಾಡಪತ್ರಿ ಹೊದಿಸಿದಿರಿ. ಅಂದಿನಿಂದ, ನೀವು ಕಣ್ಣು ಮುಚ್ಚಿದ ಮೇಲೂ, ನಮ್ಮ ಹಾಳೆಯನ್ನು ಬೇರೆಯವರ ಪ್ರೆಸ್ಸಿನಲ್ಲಿ ಕತ್ತರಿಸಿಕೊಂಡು ಬಂದೆವು. ನಾನೇ ಹಾಳೆ ಎಣಿಸಿ ಕಟ್ಟಿ ಕಳಿಸುತ್ತಿದ್ದೆ. ಆದರೆ ಬೆಟಗೇರಿಯಲ್ಲಿ ಹೆಸರಿದ್ದ ಪ್ರೆಸ್ಸು ಹಾಳೆ ಹೊತ್ತುಕೊಂಡು ಮಂದಿಯ ಬಾಗಿಲಿಗೆ ಹೋಗುವುದು ನನಗೆ…

ಈರಣ್ಣನ ಹೆಂಡತಿ ಶೈಲಾಳನ್ನು ನೀವು ನೋಡಲಿಲ್ಲ. ಲಕ್ಷ್ಮೇಶ್ವರದವಳು, ಎಂಜಿನಿಯರಿಂಗ್ ಓದಿದವಳು. ಯಂತ್ರದೊಳಗೆ ಕುಳಿತು ಅದನ್ನು ನಡೆಸುವ ಸಣ್ಣ ಬೋರ್ಡುಗಳಿಗೆ ಪ್ರೋಗ್ರಾಂ ಬರೆಯುತ್ತಾಳೆ. ಮನೆ ತುಂಬಿದ ಕೆಲವೇ ದಿನಗಳಲ್ಲಿ ತಾಡಪತ್ರಿ ಎತ್ತಿ ಇಣುಕಿದಳು.

“ಅತ್ತಿ, ಇದರ ಬಾಯಿಗೆ ಬೆಳಕಿನ ಪರದಾ ಕಟ್ಟೋಣ್ರಿ. ಕೈ ಅಡ್ಡ ಬಂತಂದ್ರ ಬೋರ್ಡ್ ತಾನ ಬ್ರೇಕ್ ಹಾಕತೈತಿ.”

“ಹೊಸಾ ಸೊಸಿ ಅಡಗಿಮನಿ ಇಣುಕೂದು ಬಿಟ್ಟು ಮಷೀನ್ ಇಣುಕ್ತಾಳ” ಎಂದು ಗದರಿದೆ. ಮರುದಿನ ಒಪ್ಪಿಕೊಂಡೆ. ನಾನೂ ಕಾದದ್ದು ಅದಕ್ಕೇ ಅಲ್ಲವೇ?

ಬೋರ್ಡು ಕೂಡಿಸಿದ ಮೇಲೆ, ನಿಮ್ಮ ಕೈಕೆಳಗೆ ಕಟಿಂಗ್ ಕಲಿತ ದಾದಾಪೀರನನ್ನು ಕರೆಸಿದೆ. ಅವನು ಕೋಲಿಗೆ ಸವತೆಕಾಯಿ ಕಟ್ಟಿ ಬ್ಲೇಡಿನ ಕೆಳಗೆ ನೂಕುತ್ತಿದ್ದ. ಪ್ರತಿ ಸಲವೂ ಬ್ಲೇಡು ಮೇಲೆಯೇ ನಿಂತಿತು. “ಅಮ್ಮಾರ, ಇದು ಸವತಿಕಾಯಿ ಒಲ್ಲೆ ಅಂತೈತ್ರಿ, ಗಜ್ಜರಿ ತರಸ್ರಿ” ಎಂದು ನಗಿಸುತ್ತಿದ್ದ. ನಾನು ಅಂದೇ ಸಾರಿಬಿಟ್ಟೆ: ಬನ್ನಿ ಹಬ್ಬದ ದಿನ ಮಷೀನು ಚಾಲೂ. ಶಿರಹಟ್ಟಿಯ ಬೀಗರಿಗೆ, ಮುಂಡರಗಿಯ ಪ್ರೆಸ್ಸಿನವರಿಗೆ, ಓಣಿಯವರಿಗೆಲ್ಲ ಹೇಳಿಕಳಿಸಿದೆ. ನಾನು ಹೇಳಿದ ದಿನ ಎಂದಾದರೂ ತಪ್ಪಿದೆಯೇ? ನೀವೇ ಹೇಳಿ.

ಹಬ್ಬದ ಹಿಂದಿನ ದಿನ, ಖಂಡೇಪೂಜೆಗೆಂದು ಮಷೀನಿಗೆ ಕುಂಕುಮ ಹಚ್ಚುತ್ತಿದ್ದಾಗ ಶೈಲಾ ಬಂದು ನಿಂತಳು.

“ಅತ್ತಿ, ನಾಳೆ ಚಾಲೂ ಮಾಡೂದು ಬ್ಯಾಡ್ರಿ.”

“ಯಾಕ? ಒಂದರೆ ಸವತಿಕಾಯಿ ಕತ್ತರಿಸೇತೇನು?”

“ಇಲ್ರಿ. ಆದ್ರ ನಾವು ನೋಡಿದಾಗ ಬ್ರೇಕ್ ಹಾಕಾಕ ಬೋರ್ಡಿಗೆ ಎಷ್ಟು ತಡಾ ಆತು ಅನ್ನೂದು ಬ್ಯಾರೆ, ಭಾಳಂದ್ರ ಎಷ್ಟು ತಡಾ ಆಗಬಹುದು ಅನ್ನೂದು ಬ್ಯಾರೆ. ಅದರ ಲೆಕ್ಕಾ ಇವತ್ತು ಮುಗೀತು. ಅಷ್ಟು ತಡಾ ಆತಂದ್ರ ಬ್ರೇಕಿಗಿಂತ ಮೊದಲ ಬ್ಲೇಡ್ ಇಳಿತೈತ್ರಿ.”

ಅವಳು ಬಿಡಿಸಿ ಹೇಳಿದ್ದು ಇಷ್ಟು. ಆ ಒಂದೇ ಬೋರ್ಡು ಹಾಳೆಯ ಅಳತೆ ನೋಡಬೇಕು, ಎಣಿಕೆ ಇಡಬೇಕು, ಗುಂಡಿ ಒತ್ತಿದರೆ ಕೇಳಬೇಕು, ಅಂಕಿ ತೋರಿಸಬೇಕು. ನಡುವೆ ಬಿಡಲಾಗದ ಕೆಲಸವನ್ನು ಹಿಡಿದಿದ್ದರೆ ಅದನ್ನು ಮುಗಿಸಿಯೇ ಕೈಯ ಕಡೆ ತಿರುಗುತ್ತದೆ. ಅದಕ್ಕೆ ಬೇಕಾದ ಮಾಹಿತಿ ಒಮ್ಮೆ ಪಕ್ಕದಲ್ಲೇ ಸಿಗುತ್ತದೆ, ಒಮ್ಮೆ ಒಳಕೋಣೆಯ ಕಪಾಟಿನಿಂದ ತಂದಷ್ಟು ತಡವಾಗುತ್ತದೆ. ಶೈಲಾ ಪ್ರೋಗ್ರಾಮಿನ ಪ್ರತಿ ಕವಲಿನಲ್ಲೂ ಉದ್ದದ ದಾರಿಯನ್ನೇ ಹಿಡಿದು, ಎಲ್ಲ ತಡವೂ ಒಂದೇ ಗಳಿಗೆಗೆ ಬಂದರೆ ಎಷ್ಟಾದೀತೆಂದು ಕೂಡಿಸಿದ್ದಳು.

“ಅಂಥಾ ಗಳಿಗಿ ಬರತೈತಿ ಅಂತ ಯಾರು ಹೇಳ್ಯಾರ?”

“ಬರೂದಿಲ್ಲ ಅಂತ ಯಾರು ಹೇಳ್ಯಾರ್ರಿ?”

ಎದುರು ಮಾತು! ನನಗೆ! ಬೈಯಲು ಬಾಯಿ ತೆರೆದೆ. ಹೊರಗೆ ದಾದಾಪೀರ ಬಾಗಿಲಿಗೆ ತೋರಣ ಕಟ್ಟುತ್ತಿದ್ದ. ಅವನ ಬೆರಳುಗಳು ದಾರವನ್ನು ಸರಸರನೆ ಗಂಟು ಹಾಕುತ್ತಿದ್ದವು. ಇಷ್ಟು ದಿನ ಏನೂ ಆಗಿಲ್ಲವಲ್ಲ ಎಂದು ನಾನು ಸೊಸೆಗೆ ಹೇಳಲು ಹೊರಟಿದ್ದೆ. ಆ ಮಾತು ಯಾರದು, ಎಲ್ಲಿ ಕೇಳಿದ್ದು ಎಂದು ಹೊಳೆದದ್ದೇ… ಕುಂಕುಮದ ಬಟ್ಟಲು ಕೆಳಗಿಟ್ಟು “ಆತು, ನಾಳೆ ಬ್ಯಾಡ” ಎಂದೆ.

ಬನ್ನಿ ಹಬ್ಬದ ಸಂಜೆ ಎಲ್ಲರೂ ಬನ್ನಿ ಹಿಡಿದುಕೊಂಡು ಬಂದರು. ಬಾಗಿಲಲ್ಲಿ ನಾನೇ ನಿಂತು ಹೇಳಿದೆ: “ಮಷೀನ್ ಇವತ್ತು ಚಾಲೂ ಆಗೂದಿಲ್ಲ. ಹೋಳಿಗಿ ಉಂಡು ಹೋಗ್ರಿ.”

ಮುಂಡರಗಿಯವರು ಬಿಡುತ್ತಾರೆಯೇ? “ಏನ್ರಿ ಅಕ್ಕಾರ, ನಿಮ್ಮ ಸೊಸಿ ಕಾಗದದ ಮ್ಯಾಲ ಲೆಕ್ಕಾ ಮಾಡಿ ಕೈ ಕೊಯ್ಕೊಂಡಾಳಂತ?”

“ಹೌದ್ರಿ. ಕಾಗದದ ಮ್ಯಾಲ ಕೊಯ್ದ ಕೈಗೆ ಹೊಲಿಗಿ ಹಾಕೂದು ಬೇಕಾಗೂದಿಲ್ಲ. ಬರ್ರಿ, ಕುಂಡ್ರಿ.”

ನಗು ಎದ್ದಿತು. ನನ್ನ ಮುಖ ಉರಿಯುತ್ತಿತ್ತು. ಆಡಿದ ಮಾತನ್ನು ಹಿಂದೆ ತೆಗೆದುಕೊಂಡದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ನೀವಿದ್ದಿದ್ದರೆ ನನ್ನ ಮುಖ ನೋಡಿ ಏನೆನ್ನುತ್ತಿದ್ದಿರೋ.

ದೀಪಾವಳಿ ಕಳೆದ ಮೇಲೆ ಶೈಲಾ ಇನ್ನೊಂದು ಬೋರ್ಡು ತಂದಳು. ಕೈ ಕಾಯುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ಪರದಾದ ಬೆಳಕು ಬೀರುವ ಕಂಬಗಳನ್ನು ಬ್ಲೇಡಿನಿಂದ ಇನ್ನಷ್ಟು ಹೊರಗೆ ನಿಲ್ಲಿಸಿದಳು. ಬ್ರೇಕು ಸವೆದಿರುತ್ತದೆಂದು ಹಿಡಿದೇ ಮತ್ತೆ ಲೆಕ್ಕ ಹಾಕಿದಳು. ಆಗ ಮಾತ್ರ “ಆತ್ರಿ ಅತ್ತಿ” ಎಂದಳು. ಯಾರನ್ನೂ ಕರೆಯದೆ ಚಾಲೂ ಮಾಡಿದೆವು. ಹಾಳೆಯನ್ನು ಈಗ ನಮ್ಮ ಮನೆಯಲ್ಲೇ ಕತ್ತರಿಸುತ್ತೇವೆ.

ನಿಮಗೆ ಹೇಳಬೇಕಾದ ಖಬರು ನಿನ್ನೆಯದು. ಹಾಳೆ ಓರೆಯಾಯಿತೆಂದು ದಾದಾಪೀರ ಕೈ ಹಾಕಿದ. ಮಾತಿನ ಭರದಲ್ಲಿದ್ದ, ಗಮನವಿರಲಿಲ್ಲ. ಬ್ಲೇಡು ಅರ್ಧಕ್ಕೇ ನಿಂತಿತು. ಅದು ಎಲ್ಲ ತಡವೂ ಒಟ್ಟಿಗೆ ಬಂದ ಗಳಿಗೆಯೋ, ದಿನದಂಥ ಗಳಿಗೆಯೋ ಯಾರಿಗೂ ಗೊತ್ತಿಲ್ಲ. ಗೊತ್ತಾಗುವ ಅಗತ್ಯವೂ ಇಲ್ಲ. ಅವನಂತೂ ಹಾಳೆ ಸರಿಪಡಿಸಿ, ಕೈ ಹೊರತೆಗೆದು, ನನ್ನ ಮೇಲೆಯೇ ಗೊಣಗಿದ.

“ಅಮ್ಮಾರ, ನಿಮ್ಮ ಮಷೀನ್ ಭಾಳ ಪುಕ್ಕಲ ಐತ್ರಿ. ಮಾತಿಗೊಮ್ಮೆ ನಿಂದ್ರತೈತಿ.”

“ನಿಂದ್ರಲಿ” ಎಂದೆ. “ಕೈ ತೊಳ್ಕೊ, ಊಟದ ಹೊತ್ತಾತು.”