ಮಾವಾರು ಒಳಗ ಬಂದಾಗ

ಮಾರ್ಚ್ ೧೧

ಮತ್ತ ತಿಕೋಟಾ ಬಸ್ಸು ತಪ್ಪಿತು. ಅಥಣಿ ರಸ್ತೇದಾಗ ನಿಂತು ನಿಂತು ಮಾರಿ ಕರ್ರಗಾತು. ಸೇಫ್ಟಿ ಡಿಪ್ಲೊಮಾ ಮುಗೀಬೇಕಂದ್ರ ಒಂದು ಕಾರ್ಖಾನ್ಯಾಗ ಟ್ರೇನಿಂಗ್ ಮಾಡ್ಬೇಕು. ಹೆಣ್ಣುಮಗಳು ಅಂತ ಬ್ಯಾರೆ ಯಾರೂ ತಗೋಳಿಲ್ಲ. ಕಡೀಕ ಮಾವಾರ ಒಣದ್ರಾಕ್ಷಿ ಕಾರ್ಖಾನೀನೇ ಗತಿ. ಮದಿವಿ ಆದಾಗಿಂದ ಅವರ ಮುಂದ ತಲಿ ಎತ್ತಿ ಮಾತಾಡಿಲ್ಲ ನಾ.

ನಿನ್ನೆ ಕೆಲಸದ ಹೆಣ್ಣುಮಕ್ಕಳಿಗೆ ಹೇಳಿದ್ದೆ — "ನಾಳಿಂದ ಸೇಫ್ಟಿ ಇಲ್ದ ಯಾರೂ ಮಷೀನ್ ಹತ್ರ ಬರಬ್ಯಾಡ್ರಿ." ಇವತ್ತು ಎಲ್ಲಾರ ಸೀರಿಗೂ ಸೇಫ್ಟಿ ಪಿನ್! ಇಮಾಮಬಿ ಅಂತೂ ಕೈಬಳಿಗೆ ಪಿನ್ನಿನ ಒಂದು ಗೊಂಚಲ ಸಿಗಿಸ್ಕೊಂಡು ಬಂದಾಳ. "ಇಷ್ಟು ಸಾಕೇನ್ರಿ ಅಕ್ಕಾರ?" ಹಣಿ ಬಡ್ಕೊಂಡೆ.

ಮಾರ್ಚ್ ೧೩

ಪಿನ್ನೇ ಬರೊಬ್ಬರಿ. ದ್ರಾಕ್ಷಿ ಸಾಗಿಸೋ ಪಟ್ಟಾಕ್ಕ ಒಂದು ಬಾಜೂಕ ಕಾವಲಿನ ಕಬ್ಬಿಣ ಜಾಳಿ ಇಲ್ಲ, ರೋಲರ್ ಬಾಯಿ ತಕ್ಕೊಂಡು ಕುಂತೈತಿ. ಸೆರಗು ಸಿಕ್ಕಿತಂದ್ರ ಮುಗೀತು. ಜಾಳಿ ಬರೂತನಕ ಸೆರಗು ಸೊಂಟಕ್ಕ ಸಿಗಿಸಿ ಪಿನ್ ಹಾಕ್ರಿ ಅಂದೆ. ಮಷೀನ್ ನಿಂದ್ರಸೋ ಕೆಂಪು ಗುಂಡಿ ಎಲ್ಲಾರ ಕೈಲೆ ಒತ್ತಿಸಿದೆ. ಇಮಾಮಬಿಗೆ ಅದs ಆಟ ಆತು.

ಚಂದ ನಡದಿತ್ತು. ಮಾವಾರು ಒಳಗ ಬಂದ್ರು. ಟಪಟಪ ಪಿನ್ ಬಿಚ್ಚಿದ್ವು, ಎಲ್ಲಾರ ಸೆರಗೂ ತಲಿ ಮ್ಯಾಲ! ಕೆಳಗ ಪಟ್ಟಾ ತಿರಗಾಕತ್ತೇತಿ, ಬಗ್ಗಿದವರ ಸೆರಗು ಅದರ ಮ್ಯಾಲ ಜೋತಾಡಾಕತ್ತೇತಿ... ಮಾವಾರು ಹೋದ್ರು, ಮತ್ತ ಪಿನ್. ಚಾ ಕುಡದು ಮತ್ತ ಬಂದ್ರು!

ಮಾರ್ಚ್ ೧೪

ಕ್ಲಾಸಿನ್ಯಾಗ ಸುಧೀರ ಸರ್ ಕೇಳಿದ್ರು, "ನಿಮ್ಮ ಕಾರ್ಖಾನ್ಯಾಗ ದೊಡ್ಡ ಅಪಾಯ ಯಾವ್ದು?" ಮಾವಾರು ಅಂತ ಹೆಂಗ ಹೇಳ್ಲಿ? "ಪಟ್ಟಾರಿ ಸರ್" ಅಂದೆ.

ನಮ್ಮನಿಯವ್ರು ಬಬಲೇಶ್ವರದ ಬ್ಯಾಂಕಿನಿಂದ ಬಂದಕೂಡ್ಲೆ ಹಿಡಕೊಂಡೆ. "ಮಷೀನ್ ನಡದಾಗ ಒಳಗ ಬರಬ್ಯಾಡ್ರಿ ಅಂತ ನಿಮ್ಮಪ್ಪಾರಿಗೆ ಹೇಳ್ರಿ."

"ಅವರ ಕಾರ್ಖಾನಿಗೆ ಅವರs ಬರಬಾರದ? ಅವ್ವಗ ಹೇಳು."

ಅತ್ತಿ ಅಂದ್ರು, "ನನಗ್ಯಾಕವಾ ಆ ಉಸಾಬರಿ? ನಿನ್ನ ಗಂಡಗ ಹೇಳು."

ಸಾಕಾಗಿ ಹೋಗೇತಿ.

ಮಾರ್ಚ್ ೧೮

ಜಾಳಿ ಇನ್ನೂ ಬಂದಿಲ್ಲ. ಹಂಗಾಮು ಮುಗೀಲಿ ಅಂದಾರಂತ ಮಾವಾರು. ಅದೂ ಮ್ಯಾನೇಜರನ ಬಾಯಿಲೆ.

ನನಗ ಬಾಯಿ ಇಲ್ಲೇನು? ಕ್ಲಾಸಿನ್ಯಾಗ ಸರ್ ಸಾಕು ಅನ್ನೂತನಕ ಬಡಬಡಸ್ತೇನಿ. ಇಲ್ಲಿ ಅವರ ಚಪ್ಪಲಿ ಸಪ್ಪಳಾದ್ರ ನಾಲಗಿ ಒಣಗ್ತೈತಿ. ಥೂ! ನಾಳೆ ಹೇಳೇ ಹೇಳ್ತೇನಿ.

ಮಾರ್ಚ್ ೨೪

ಉಗುಳು ನುಂಗಿದ್ರೂ ಕುತ್ತಿಗಿ ನೋಯ್ತೈತಿ.

ಅವತ್ತು ಹೇಳಾಕಂತನ ಪಟ್ಟಾದ ಬಾಜೂಕ ನಿಂತಿದ್ದೆ. ಇಮಾಮಬಿ ಪಿನ್ ಮುರದಿತ್ತು, ನನ್ನ ವೇಲಿನ ಪಿನ್ ಬಿಚ್ಚಿ ಕೊಟ್ಟಿದ್ದೆ. ಮಾವಾರು ಬಂದ್ರು. ನಾ ಬಾಯಿ ತಗಿಯೂದ್ರಾಗ ಕೈ ತಾನ ವೇಲ್ ಎಳದು ತಲಿ ಮ್ಯಾಲ ಹಾಕ್ತು. ಅದರ ತುದಿ ರೋಲರಿನ್ಯಾಗ ಹೋತು. ಕುತ್ತಿಗಿ ಜಗ್ಗಿತು, ಉಸರs ಇಲ್ಲ. ಮಾವಾರು ನಿಂತಲ್ಲೇ "ಯವ್ವಾ, ಯವ್ವಾ" ಅನ್ನಾಕತ್ತಿದ್ರು. ಇಮಾಮಬಿ ಓಡಿ ಹೋಗಿ ಕೆಂಪು ಗುಂಡಿ ಒತ್ತಿದ್ಲು.

ಊರಿಗೆಲ್ಲಾ ಕಲಿಸಿದಾಕಿ ನಾನs ಸಿಕ್ಕೊಂಡೆ. ಸಿಟ್ಟೂ ಬರ್ತೈತಿ, ಅಳೂನೂ ಬರ್ತೈತಿ.

ಮಾರ್ಚ್ ೨೭

ಇವತ್ತು ಹೋದೆ. ವೇಲ್ ಮನ್ಯಾಗ ಬಿಟ್ಟು ಹೋದೆ. ಅತ್ತಿ ನೋಡಿದ್ರು, ಬುತ್ತಿ ತಂದು ಕೈಯಾಗ ಇಟ್ರು.

ಜಾಳಿ ಬದ್ಲಿ ಪಟ್ಟಾಕ್ಕ ಗೋಣಿಚೀಲ ಕಟ್ಯಾರ! ಅದೂ ಸಿಕ್ಕೋತೈತ್ರೋ ಪುಣ್ಯಾತ್ಮರs! ಬೈಕೋತ ಬಿಚ್ಚಾಕ ಹೊಂಟಿದ್ದೆ. ಚಪ್ಪಲಿ ಸಪ್ಪಳಾತು.

ಮಾವಾರು ಹೊಚ್ಚಲದ ಹೊರಗs ನಿಂತಿದ್ರು. ಹಿಂಗ ನಿಂತಿದ್ದು ನಾ ಎಂದೂ ನೋಡಿಲ್ಲ. ಎಲ್ಲಾರ ಕೈ ಪಿನ್ನಿಗೆ ಹೋದ್ವು. ನನ್ನ ಕೈನೂ ಮ್ಯಾಲ ಹೋತು, ಹಿಡ್ಯಾಕ ಏನೂ ಸಿಗಲಿಲ್ಲ. ಮಾವಾರು ನನ್ನ ಕುತ್ತಿಗಿ ನೋಡಿದ್ರು. ನೆಲಾ ನೋಡ್ಕೋತ ಅಂದ್ರು, "ಒಳಗ ಬರ್ಲೇನವಾ?"

ಮಷೀನ್ ನಡದೇ ಇತ್ತು. ತಲಿ ಎತ್ತಿದೆ.

"ಬ್ಯಾಡ್ರಿ ಮಾವಾರ," ಅಂದೆ. "ಮೊದಲ ಜಾಳಿ ಹಾಕಸ್ರಿ, ಆಮ್ಯಾಲ ಒಳಗ ಬರ್ರಿ."