ಹಗುರದ್ದೇ ಕೊಡಮ್ಮ

ಬುಧವಾರ, ಊಟದ ಬಿಡುವು

ಏನೂಂದ್ರೆ,

ಪತ್ರದಲ್ಲೂ ಹೀಗೇ ಕರೆಯುತ್ತಿದ್ದೇನೆ, ನಗಬೇಡಿ. ಬೇರೆ ಹೇಗೆ ಕರೆಯಬೇಕೆಂದು ಇಷ್ಟು ವರ್ಷವಾದರೂ ಕಲಿಯಲಿಲ್ಲ.

ನಿನ್ನೆ ನಮ್ಮ ಅಂಗಡಿಯ ಇನ್ನೊಂದು ಶಾಖೆಯಲ್ಲಿ ಉಡುಗೊರೆ ಪೊಟ್ಟಣ ಕಟ್ಟುವವಳು ರಜೆ ಹಾಕಿದ್ದಳು. ಬದಲಿಗೆ ನನ್ನನ್ನು ಕಳಿಸಿದರು. ಸೆಂಟಿನ ಕೌಂಟರಿನ ಹಿಂದೆ ಅಡ್ಡಗೋಡೆ, ಅದರಲ್ಲೊಂದು ಕಿಂಡಿ. ಡಬ್ಬಿ ಒಳಗೆ ಬರುತ್ತದೆ, ರಿಬ್ಬನ್ ಕಟ್ಟಿ ಹೊರಗೆ ಕೊಡುವುದು ನನ್ನ ಕೆಲಸ. ಸಂಜೆ ಕಿಂಡಿಯಾಚೆ ನಿಮ್ಮ ದನಿ ಕೇಳಿತು. ಕಸ್ತೂರಿ ಬೆರೆತ ಗುಲಾಬಿ ಸೆಂಟು ಬೇಕೆಂದಿರಿ. ಮದುವೆಯ ಹೊಸತರಲ್ಲಿ ನನಗೆ ಕೊಡಿಸಿದ್ದೂ ಅದೇ ತಾನೆ? ನನಗೇ ಇರಬೇಕೆಂದು ಹಿಗ್ಗಿ ಹೀರೇಕಾಯಿಯಾದೆ.

ಕೌಂಟರಿನ ಹುಡುಗಿ ಎರಡು ಸೀಸೆ ಇಟ್ಟಳು. ಪರಿಮಳ ಒಂದೇ, ಹದ ಬೇರೆ ಎಂದಳು. ಹಗುರದ್ದು ಮಧ್ಯಾಹ್ನದೊಳಗೆ ಆರಿಹೋಗುತ್ತದಂತೆ. ಗಾಢವಾದದ್ದು ಬಟ್ಟೆಗೆ ಹತ್ತಿದರೆ ಒಗೆದರೂ ಬಿಡುವುದಿಲ್ಲವಂತೆ. ಅವಳಿಗೆ ಗಾಢವಾದದ್ದೇ ಇಷ್ಟ ಎಂದಿರಿ. ಆಮೇಲೆ ದನಿ ತಗ್ಗಿಸಿ, ಬೇಡ, ಹಗುರದ್ದೇ ಕೊಡಮ್ಮ, ನಮ್ಮನೆಯವಳ ಮೂಗು ಬಲು ಚುರುಕು, ಅಂಗಿಗೆ ಹತ್ತಿದ್ರೆ ನನ್ನ ಕಥೆ ಮುಗೀತು ಎಂದು ನಕ್ಕಿರಿ. ಆ ಹುಡುಗಿಯೂ ನಕ್ಕಳು.

ಎದ್ದು ಈಚೆ ಬರಬಹುದಿತ್ತು. ಬಂದು ಏನು ಮಾಡಲಿ? ಆಫೀಸಿನಲ್ಲಿ ಯಾರದೋ ಮದುವೆಗೆ ಅನ್ನುತ್ತೀರಿ, ನಾನು ನಂಬುತ್ತೇನೆ. ನನ್ನ ಹಣೆಬರಹ ನನಗೆ ಗೊತ್ತಿಲ್ಲವೇ. ಅಷ್ಟರಲ್ಲಿ ಡಬ್ಬಿ ಒಳಗೆ ಬಂತು. ಕೆಂಪು ರಿಬ್ಬನ್ ಬೇಕೆಂದಿರಿ, ಕೆಂಪೇ ಕಟ್ಟಿದೆ. ಗಂಟು ಸೊಟ್ಟಗಾಯಿತೆಂದು ಬಿಚ್ಚಿ ಮತ್ತೆ ಕಟ್ಟಿದೆ, ನೋಡಿ ನನ್ನ ಬುದ್ಧಿ. ಕಿಂಡಿಯಿಂದ ಕೈಗಿಟ್ಟಾಗ, ಥ್ಯಾಂಕ್ಸ್ ಮೇಡಂ, ಚೆನ್ನಾಗಿ ಕಟ್ಟಿದೀರ ಎಂದಿರಿ. ನನ್ನ ಕೆಲಸವನ್ನು ನೀವು ಹೊಗಳಿದ್ದು ಅದೇ ಮೊದಲು.

ಮನೆಗೆ ಎಂದಿನಂತೆ ಬಂದಿರಿ, ಬಡಿಸಿದೆ. ಯಾಕೆ ಸಪ್ಪಗಿದೀಯ ಎಂದು ಕೇಳಿ, ಉತ್ತರಕ್ಕೆ ಕಾಯದೆ ಸೋರುವ ನಲ್ಲಿಯ ಮಾತೆತ್ತಿದಿರಿ. ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಜಗಳವಾಡೋಣವೆಂದರೆ ಒಳಗೆ ಮಗಳು ಪರೀಕ್ಷೆಗೆ ಓದುತ್ತಿದ್ದಳು. ಮನೆ ಬಿಟ್ಟು ಹೋಗೋಣವೆಂದರೆ ಎಲ್ಲಿಗೆ? ನನಗೆ ನೀವು ಬೇಕು, ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಅವಳನ್ನು ಬಿಟ್ಟುಬಿಡಿ ಎಂದು ಕೇಳುವ ಧೈರ್ಯವೂ ಇಲ್ಲ. ಬಿಡುವುದಿಲ್ಲ ಅಂದುಬಿಟ್ಟರೆ?

ನಾಳೆ ಇದನ್ನು ನಿಮ್ಮ ಬುತ್ತಿಯ ಚೀಲದಲ್ಲಿಡುತ್ತೇನೆ. ಓದಿ ಏನಾದರೂ ಹೇಳಿ. ಸುಳ್ಳಾದರೂ ಸರಿ.

ಇಂತಿ,
ನಿಮ್ಮನೆಯವಳು

ತಾ.ಕ.: ಗಾಢವಾದದ್ದನ್ನೇ ಕೊಳ್ಳಬಹುದಿತ್ತು. ಹೋದ ವರ್ಷದ ಜ್ವರದಿಂದೀಚೆಗೆ ನನಗೆ ಯಾವ ವಾಸನೆಯೂ ತಿಳಿಯುವುದಿಲ್ಲ. ಸೆಂಟು ಮಾರುವುದು ಬಿಟ್ಟು ಪೊಟ್ಟಣ ಕಟ್ಟಲು ಕೂತಿದ್ದು ಅದಕ್ಕೇ. ಅವತ್ತು ಅಳುತ್ತಾ ನಿಮಗೆ ಹೇಳಿದ್ದೆ. ಸರಿಹೋಗುತ್ತೆ ಬಿಡು ಅಂದಿದ್ದಿರಿ.